ಸ್ಕೋಪ್‌ನ ದೋಷವೋ, ಹೊಂದಿಕೆಯ ಕೊರತೆಯೋ: ವಾರಂಟಿಗೆ ಕಳುಹಿಸುವ ಮುನ್ನ ಮಾಡಬೇಕಾದ ಪರೀಕ್ಷೆಗಳು

ಸೆಪ್ಟೆಂಬರ್ 3ರ ಕೈಲ್ ಮುಹೂರ್ತಕ್ಕೆ ಕೊಡಗಿನ ಮನೆಗಳಲ್ಲಿ ಕೋವಿಗಳನ್ನು ಹೊರತೆಗೆದು, ಒರೆಸಿ, ತೋಕ್‌ಪೂ (ಕೋವಿ ಹೂ) ಸಿಕ್ಕಿಸಿ ಪೂಜೆಗಿಡುತ್ತಾರೆ. ಅದರ ಬೆನ್ನಿಗೇ ಊರೂರಿನಲ್ಲಿ ಗುಂಡು ಹೊಡೆಯುವ ಸ್ಪರ್ಧೆಗಳು ಆರಂಭವಾಗುತ್ತವೆ. ತೆಂಗಿನಕಾಯಿಗೆ ಗುರಿಯಿಡುವ ಸಾಂಪ್ರದಾಯಿಕ ಸ್ಪರ್ಧೆಗೆ ಬರಿಗಣ್ಣು ಮತ್ತು ಕೋವಿಯ ತುದಿಯ ಮಣಿ ಸಾಕು. ಆದರೆ .22 ರೈಫಲ್ ಅಥವಾ ಏರ್‌ಗನ್ ಹಿಡಿದು ಕಾಗದದ ಗುರಿಗೆ ಅಭ್ಯಾಸ ಮಾಡುವವರಲ್ಲಿ ಹಲವರು ಸ್ಕೋಪ್, ಅಂದರೆ ಗುರಿಯಿಡಲು ಕೋವಿಯ ಮೇಲೆ ಕೂರಿಸುವ ದೂರದರ್ಶಕ, ಬಳಸುತ್ತಾರೆ. ಜೂನ್‌ನಿಂದ ಮೂರು ತಿಂಗಳು ಬೀರುವಿನಲ್ಲಿ ಮುಚ್ಚಿಟ್ಟಿದ್ದ ಆ ಸ್ಕೋಪ್ ಹೊರಗೆ ಬಂದಾಗ ಚಿತ್ರ ಮಸುಕಾಗಿದೆ, ಒಳಗೆ ಚುಕ್ಕೆ ಕಾಣುತ್ತಿದೆ, ಝೀರೋ (ಗುರಿಯಿಟ್ಟ ಜಾಗಕ್ಕೂ ಗುಂಡು ಬೀಳುವ ಜಾಗಕ್ಕೂ ಮಾಡಿದ ಹೊಂದಿಕೆ) ನಿಲ್ಲುತ್ತಿಲ್ಲ ಎಂಬ ದೂರುಗಳೂ ಅದರೊಂದಿಗೆ ಹೊರಬರುತ್ತವೆ.

ಇಂಥ ದೂರುಗಳಲ್ಲಿ ಎಷ್ಟೋ ನಿಜವಾದ ದೋಷಗಳಲ್ಲ. ಕೆಲವು ಹೊಂದಿಕೆಯ ತಪ್ಪುಗಳು, ಕೆಲವು ಆ ಬೆಲೆಯ ಗಾಜಿಗೆ ಇರುವ ಮಿತಿ, ಮತ್ತೆ ಕೆಲವು ನೋಡುವವರ ಕಣ್ಣಿನದೇ ತೊಂದರೆ. ನಿಜವಾದ ದೋಷವಿದ್ದರೂ ಅದನ್ನು ಕೋವಿ, ಮದ್ದುಗುಂಡು ಮತ್ತು ಕಣ್ಣಿನಿಂದ ಬೇರ್ಪಡಿಸಿ ತೋರಿಸದಿದ್ದರೆ ಸೇವಾ ಕೇಂದ್ರದಿಂದ ‘ಪರೀಕ್ಷಿಸಿದ್ದೇವೆ, ದೋಷ ಕಂಡುಬಂದಿಲ್ಲ’ ಎಂಬ ಒಂದು ಸಾಲಿನ ಉತ್ತರದೊಂದಿಗೆ ಸ್ಕೋಪ್ ಹಿಂದಿರುಗುವ ಸಾಧ್ಯತೆ ಹೆಚ್ಚು. ವಾರಂಟಿ ಫಲಿಸುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಪೊಟ್ಟಣ ಕಟ್ಟುವ ಮೊದಲೇ, ಮನೆಯಲ್ಲಿಯೇ, ತೀರ್ಮಾನವಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪರೀಕ್ಷೆಗೆ ಮೊದಲು ಸ್ಕೋಪ್ ಅನ್ನು ಕೋವಿಯಿಂದ ಬಿಚ್ಚಬೇಕು. ಕೋವಿಗೆ ಜೋಡಿಸಿದ ಸ್ಕೋಪ್‌ನಲ್ಲಿ ಪಕ್ಕದ ತೋಟವನ್ನೋ ರಸ್ತೆಯನ್ನೋ ನೋಡುವುದೆಂದರೆ ಅಲ್ಲಿರುವವರ ಕಡೆಗೆ ನಳಿಗೆ ತಿರುಗಿಸಿದಂತೆಯೇ; ಕೋವಿಯಲ್ಲಿ ತೋಟೆ ಇಲ್ಲ ಎಂಬುದು ಅದಕ್ಕೆ ಸಮಾಧಾನವಲ್ಲ. ಬಿಚ್ಚಿದ ಸ್ಕೋಪ್ ಅನ್ನು ಮರಳು ತುಂಬಿದ ಚೀಲದ ಮೇಲೆ ಅಲುಗದಂತೆ ಕೂರಿಸಿದರೆ ಕೈನಡುಕವೂ ಲೆಕ್ಕಕ್ಕೆ ಬರುವುದಿಲ್ಲ. ಸೂರ್ಯನ ಕಡೆಗೆ ಮಾತ್ರ ಯಾವ ಕಾರಣಕ್ಕೂ ತಿರುಗಿಸಬಾರದು.

ಮೊದಲ ಕೆಲಸ ಕಣ್ಣಿನ ತುದಿಯ ಫೋಕಸ್ ಹೊಂದಿಸುವುದು. ಸ್ಕೋಪ್‌ನ ಹಿಂಬದಿಯಲ್ಲಿ ತಿರುಗುವ ಉಂಗುರವಿರುವುದು ಗುರಿಯನ್ನು ಸ್ಪಷ್ಟಗೊಳಿಸಲಿಕ್ಕಲ್ಲ, ಒಳಗಿನ ಗುರಿಗೆರೆಯನ್ನು, ಅಂದರೆ ರೆಟಿಕಲ್ ಅನ್ನು, ನಿಮ್ಮ ಕಣ್ಣಿಗೆ ಸ್ಪಷ್ಟಗೊಳಿಸಲಿಕ್ಕೆ. ಸುಣ್ಣ ಬಳಿದ ಗೋಡೆಯ ಅಥವಾ ಮೋಡ ಕವಿದ ಆಕಾಶದ ಕಡೆಗೆ ಹಿಡಿದು, ಎರಡು ಮೂರು ಸೆಕೆಂಡು ಮಾತ್ರ ನೋಡಿ, ಕಣ್ಣು ಬೇರೆಡೆ ಹೊರಳಿಸಿ, ಮತ್ತೆ ನೋಡುತ್ತ ಉಂಗುರವನ್ನು ತಿರುಗಿಸಬೇಕು. ದೀರ್ಘಕಾಲ ನೋಡುತ್ತಲೇ ಇದ್ದರೆ ಕಣ್ಣು ತಾನೇ ಮಸುಕಿಗೆ ಹೊಂದಿಕೊಂಡುಬಿಡುತ್ತದೆ. ಕನ್ನಡಕ ಹಾಕಿಕೊಂಡು ಗುಂಡು ಹೊಡೆಯುವವರು ಕನ್ನಡಕ ಹಾಕಿಕೊಂಡೇ ಇದನ್ನು ಮಾಡಬೇಕು. ಅಣ್ಣ ಹೊಂದಿಸಿದ ಸ್ಕೋಪ್ ತಮ್ಮನಿಗೆ ಮಸುಕಾಗಿ ಕಂಡರೆ ಅದರಲ್ಲಿ ತಯಾರಕರ ತಪ್ಪೇನೂ ಇಲ್ಲ.

ಎರಡನೆಯದು ಪ್ಯಾರಲಾಕ್ಸ್. ಗುರಿಯ ಬಿಂಬವು ರೆಟಿಕಲ್ ಇರುವ ತಳದಲ್ಲಿಯೇ ಬಿದ್ದರೆ, ಕಣ್ಣನ್ನು ಅತ್ತಿತ್ತ ಸರಿಸಿದರೂ ಗೆರೆ ಗುರಿಯ ಮೇಲೆ ನಿಂತಲ್ಲೇ ನಿಲ್ಲುತ್ತದೆ. ಬಿಂಬ ಆ ತಳದ ಹಿಂದೆಯೋ ಮುಂದೆಯೋ ಬಿದ್ದರೆ ಗೆರೆ ಗುರಿಯ ಮೇಲೆ ತೇಲಿದಂತೆ ಕಾಣುತ್ತದೆ. ಪ್ಯಾರಲಾಕ್ಸ್ ಹೊಂದಿಸುವ ಗುಬ್ಬಿ (ತಿರುಗಿಸುವ ನಾಬ್) ಇಲ್ಲದ ಸೆಂಟರ್‌ಫೈರ್ (ಹೆಚ್ಚು ಬಲದ ತೋಟೆಯ) ರೈಫಲ್ ಸ್ಕೋಪ್‌ಗಳನ್ನು ಸಾಮಾನ್ಯವಾಗಿ 100 ಗಜಕ್ಕೆ, .22ಕ್ಕೆಂದು ತಯಾರಿಸಿದವುಗಳನ್ನು 50 ಗಜದ ಆಸುಪಾಸಿಗೆ ಕಾರ್ಖಾನೆಯಲ್ಲಿಯೇ ಹೊಂದಿಸಿರುತ್ತಾರೆ. 40 ಮಿಲಿಮೀಟರ್ ಮುಂಗಾಜಿನ, 100 ಮೀಟರಿಗೆ ಹೊಂದಿಸಿದ ಸ್ಕೋಪ್‌ನಲ್ಲಿ 25 ಮೀಟರ್ ದೂರದ ಗುರಿಯನ್ನು ನೋಡಿದರೆ, ಕಣ್ಣು ಪೂರಾ ಅಂಚಿಗೆ ಸರಿದಾಗ 15 ಮಿಲಿಮೀಟರ್‌ವರೆಗೆ ತಪ್ಪು ಬರಬಹುದು. 50 ಮೀಟರಿನಲ್ಲಿ ಆ ಮಿತಿ 10 ಮಿಲಿಮೀಟರ್. ಹತ್ತು ಮೀಟರಿನಲ್ಲಿ ಏರ್‌ಗನ್ ಅಭ್ಯಾಸ ಮಾಡುವವರು ಇಂಥ ಸ್ಕೋಪ್ ಕೊಂಡರೆ ಚಿತ್ರವೂ ಮಸುಕು, ಗುರಿಯೂ ಜಾರು. ಅದು ತಪ್ಪು ಆಯ್ಕೆಯೇ ಹೊರತು ದೋಷಪೂರಿತ ಸರಕಲ್ಲ. ಆದರೆ ಗುಬ್ಬಿಯಿರುವ ಸ್ಕೋಪ್‌ನಲ್ಲಿ, ರೆಟಿಕಲ್ ಸರಿಯಾಗಿ ಹೊಂದಿಸಿದ ಮೇಲೂ, ಚಿತ್ರ ಸ್ಪಷ್ಟವಾಗುವ ಜಾಗ ಮತ್ತು ಪ್ಯಾರಲಾಕ್ಸ್ ಇಲ್ಲವಾಗುವ ಜಾಗ ಬಹಳ ದೂರ ದೂರವಿದ್ದರೆ ಅದನ್ನು ಬರೆದಿಟ್ಟುಕೊಳ್ಳಬೇಕು.

ಕತ್ತಲಾಗುತ್ತಿದ್ದಂತೆ ಚಿತ್ರ ಮಂಕಾಗುತ್ತದೆ ಎಂಬ ದೂರಿಗೆ ಒಂದೇ ಭಾಗಾಕಾರ ಉತ್ತರ ಕೊಡುತ್ತದೆ. ಮುಂಗಾಜಿನ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬಿಯ ದಪ್ಪ ಸಿಗುತ್ತದೆ: 44 ಮಿಲಿಮೀಟರ್ ಗಾಜಿನಲ್ಲಿ 4 ಪಟ್ಟು ವರ್ಧನೆಗೆ 11 ಮಿಲಿಮೀಟರ್, 16 ಪಟ್ಟಿಗೆ 2.75 ಮಿಲಿಮೀಟರ್. ಸಂಜೆ ಹಿಗ್ಗಿದ ಕಣ್ಣಿನ ಪಾಪೆಗೆ ಎರಡನೆಯದು ಸಾಲದು. ಹಾಗೆಯೇ, ನಡುಹಗಲಿನಲ್ಲಿ ಕಾಫಿ ಒಣಗಿಸುವ ಕಣದ ಮೇಲಿಂದ ನೋಡಿದಾಗ ಚಿತ್ರ ಕುದಿಯುವಂತೆ ಕಂಡರೆ ಅದು ಕಾದ ನೆಲದ ಗಾಳಿ. ಪರೀಕ್ಷೆಯನ್ನು ಬೆಳಿಗ್ಗೆ, ಮಂಜು ಕರಗಿದ ಮೇಲೆ ಮತ್ತು ಕಣ ಕಾಯುವ ಮೊದಲು, ಮಾಡಬೇಕು.

ಗಾಜಿನ ದೋಷವನ್ನು ಪತ್ತೆ ಹಚ್ಚುವುದು

ಮೋಡದ ಬೆಳ್ಳನೆಯ ಆಕಾಶಕ್ಕೆ ಎದುರಾಗಿ ನಿಂತ ಸಿಲ್ವರ್ ಓಕ್ ಮರದ ಸಣ್ಣ ರೆಂಬೆಗಳು ಗಾಜಿನ ಪರೀಕ್ಷೆಗೆ ಬಹಳ ಒಳ್ಳೆಯವು. ಕಪ್ಪು ರೆಂಬೆಯ ಅಂಚಿನಲ್ಲಿ ನೇರಳೆ ಅಥವಾ ಹಸಿರು ಬಣ್ಣದ ಗೆರೆ ಕಂಡರೆ ಅದು ವರ್ಣದೋಷ: ಬೇರೆ ಬೇರೆ ಬಣ್ಣದ ಬೆಳಕು ಮಸೂರದಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ಬಾಗುವುದರಿಂದ ಹುಟ್ಟುವಂಥದ್ದು. ಹೆಚ್ಚಿನ ವರ್ಧನೆಯಲ್ಲಿ, ಚಿತ್ರದ ಅಂಚಿನ ಕಡೆಗೆ, ಸ್ವಲ್ಪ ಬಣ್ಣ ಕಾಣುವುದು ಸಾಧಾರಣ ಬೆಲೆಯ ಸ್ಕೋಪ್‌ಗಳಲ್ಲಿ ಸಹಜ. ಕಣ್ಣು ನಡುವಿನಿಂದ ಸರಿದರೂ ಬಣ್ಣ ಹೆಚ್ಚುತ್ತದೆ. ಆದರೆ ಕಣ್ಣು ಸರಿಯಾಗಿ ನಡುವೆ ಇದ್ದು, ಚಿತ್ರದ ನಟ್ಟನಡುವೆ ಇರುವ ರೆಂಬೆಯ ಎಡಕ್ಕೆ ಯಾವಾಗಲೂ ನೇರಳೆ, ಬಲಕ್ಕೆ ಯಾವಾಗಲೂ ಹಸಿರು ಕಾಣುತ್ತಿದ್ದರೆ, ಮತ್ತು ಸ್ಕೋಪ್ ಅನ್ನು ಕಾಲು ಸುತ್ತು ತಿರುಗಿಸಿದಾಗ ಆ ಬಣ್ಣಗಳೂ ಜೊತೆಯಲ್ಲಿಯೇ ತಿರುಗಿದರೆ, ಒಳಗಿನ ಯಾವುದೋ ಮಸೂರ ನಡುಗೆರೆಯಿಂದ ಸರಿದು ಕುಳಿತಿದೆ ಎಂದು ಶಂಕಿಸಬಹುದು. ಇದು ವಾರಂಟಿಯ ವಿಷಯ.

ಇದೇ ತಿರುಗಿಸುವ ಉಪಾಯ ಇನ್ನೊಂದು ಕಡೆ ಇನ್ನೂ ಹೆಚ್ಚು ಉಪಯುಕ್ತ. ಬಿಳಿ ಹಾಳೆಯ ಮೇಲೆ ತೆಳುವಾದ ಅಡ್ಡಗೆರೆಗಳನ್ನೂ ಉದ್ದಗೆರೆಗಳನ್ನೂ ಬರೆದು 50 ಮೀಟರಿನಲ್ಲಿ ಅಂಟಿಸಿ ನೋಡಿದಾಗ, ಅಡ್ಡಗೆರೆ ಸ್ಪಷ್ಟವಾದರೆ ಉದ್ದಗೆರೆ ಮಸುಕು, ಉದ್ದಗೆರೆ ಸ್ಪಷ್ಟವಾದರೆ ಅಡ್ಡಗೆರೆ ಮಸುಕು ಎಂಬಂತಿದ್ದರೆ ಅದು ಅಸ್ಟಿಗ್ಮ್ಯಾಟಿಸಂ. ಈ ದೋಷ ಗಾಜಿನಲ್ಲಿರುವಷ್ಟೇ ಮನುಷ್ಯರ ಕಣ್ಣಿನಲ್ಲಿಯೂ ಇರುತ್ತದೆ. ಗೆರೆಗಳನ್ನು ಹಾಗೆಯೇ ಬಿಟ್ಟು ಸ್ಕೋಪ್ ಅನ್ನು ಮಾತ್ರ ತೊಂಬತ್ತು ಡಿಗ್ರಿ ತಿರುಗಿಸಿ ನೋಡಿರಿ: ಮೊದಲು ಮಸುಕಾಗಿದ್ದ ಗೆರೆ ಈಗ ಸ್ಪಷ್ಟವಾಗಿ, ಸ್ಪಷ್ಟವಾಗಿದ್ದದ್ದು ಮಸುಕಾದರೆ ದೋಷ ಸ್ಕೋಪ್‌ನಲ್ಲಿದೆ, ಏನೂ ಬದಲಾಗದಿದ್ದರೆ ದೋಷ ಕಣ್ಣಿನಲ್ಲಿದೆ, ಕಣ್ಣಿನ ವೈದ್ಯರನ್ನು ಕಾಣಬೇಕು. ಎರಡನೆಯ ವ್ಯಕ್ತಿಯೊಬ್ಬರಿಂದಲೂ ಇದನ್ನೇ ಮಾಡಿಸಿದರೆ ಸಂಶಯಕ್ಕೆ ಎಡೆಯಿರುವುದಿಲ್ಲ.

ಚಿತ್ರದ ಒಂದು ಬದಿ ಸ್ಪಷ್ಟ, ಅದರ ಎದುರು ಬದಿ ಮಸುಕು ಎಂಬ ದೂರಿಗೆ ಮೊದಲು ಟರೆಟ್‌ಗಳನ್ನು, ಅಂದರೆ ಗುರಿಗೆರೆಯನ್ನು ಮೇಲೆ ಕೆಳಗೆ, ಅಕ್ಕಪಕ್ಕ ಸರಿಸುವ ಗುಬ್ಬಿಗಳನ್ನು, ಅವುಗಳ ಒಟ್ಟು ವ್ಯಾಪ್ತಿಯ ನಡುವಿಗೆ ತರಬೇಕು. ಟರೆಟ್ ಕೊನೆಯವರೆಗೆ ತಿರುಗಿದ್ದರೆ ಸ್ಕೋಪ್‌ನೊಳಗಿನ ಮಸೂರಗಳಿರುವ ಒಳನಳಿಗೆ ಓರೆಯಾಗಿ ನಿಂತು ಯಾವ ಸ್ಕೋಪ್‌ನಲ್ಲಾದರೂ ಒಂದು ಅಂಚು ಕೆಡುತ್ತದೆ. ನಡುವಿಗೆ ತಂದ ಮೇಲೂ ಹಾಗೆಯೇ ಇದ್ದರೆ ಅದು ಜೋಡಣೆಯ ದೋಷ.

ಚುಕ್ಕೆಗಳ ವಿಷಯದಲ್ಲಿ ಜನರಿಗೆ ಆತಂಕ ಹೆಚ್ಚು, ಅಪಾಯ ಕಡಿಮೆ. ಮುಂಗಾಜಿನ ಮೇಲಿನ ಧೂಳಿನ ಕಣ ಕಣ್ಣಿಗೆ ಕಾಣುವುದೇ ಇಲ್ಲ. ಹೆಚ್ಚಾಗಿ ಕಾಣುವುದು ರೆಟಿಕಲ್ ಇರುವ ತಳದ ಹತ್ತಿರದ ಕಣ. ಗಾಜಿನ ಮೇಲೆ ಕೊರೆದ ರೆಟಿಕಲ್‌ಗಳಲ್ಲಿ ಇದು ತಂತಿಯ ರೆಟಿಕಲ್‌ಗಳಿಗಿಂತ ಹೆಚ್ಚು. ಕಣ್ಣಿನ ತುದಿಯ ಉಂಗುರವನ್ನು ತಿರುಗಿಸಿದಾಗ ಚುಕ್ಕೆಯೂ ಸುತ್ತಿದರೆ ಅದು ಹಿಂಬದಿಯ ಮಸೂರದ ಮೇಲಿದೆ; ಹೊರಗಿನ ಕಡೆಯಿದ್ದರೆ ಮೆದು ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ರೆಟಿಕಲ್‌ನೊಂದಿಗೇ ಸ್ಪಷ್ಟವಾಗಿ, ಅದರೊಂದಿಗೇ ಮಸುಕಾಗುವ ಚುಕ್ಕೆ ರೆಟಿಕಲ್ ಗಾಜಿನ ಮೇಲಿದೆ. ಅಂಥ ಒಂದು ಚುಕ್ಕೆ ಅಂಚಿನಲ್ಲಿದ್ದರೆ ಗುರಿಗೆ ಏನೂ ಆಗುವುದಿಲ್ಲ, ಬಿಟ್ಟುಬಿಡುವುದೇ ಲೇಸು. ಆದರೆ ಪ್ರತಿ ಗುಂಡಿನ ನಂತರ ಚುಕ್ಕೆಗಳ ಸಂಖ್ಯೆ ಹೆಚ್ಚುತ್ತಿದ್ದರೆ, ಅಥವಾ ಚುಕ್ಕೆ ಜಾಗ ಬದಲಿಸುತ್ತಿದ್ದರೆ, ಒಳಗೆ ಏನೋ ಸವೆದು ಉದುರುತ್ತಿದೆ ಎಂದರ್ಥ.

ನಮ್ಮ ಜಿಲ್ಲೆಯ ವಿಶೇಷ ಶತ್ರು ತೇವ. ಸ್ಕೋಪ್‌ನ ಒಳಗಿನ ಗಾಳಿಯನ್ನು ತೆಗೆದು ಸಾರಜನಕವನ್ನೋ ಆರ್ಗಾನ್ ಅನಿಲವನ್ನೋ ತುಂಬಿ, ರಬ್ಬರ್ ಉಂಗುರಗಳಿಂದ ಮುಚ್ಚಿರುತ್ತಾರೆ. ಆ ಒಣ ಅನಿಲ ಒಳಗಿರುವವರೆಗೆ ಗಾಜಿನ ಒಳಮೈಯಲ್ಲಿ ಹನಿ ಕಟ್ಟುವುದಿಲ್ಲ. ಬೆಚ್ಚಗಿನ ಅಡುಗೆಮನೆಗೆ ತಣ್ಣನೆಯ ಸ್ಕೋಪ್ ತಂದಾಗ ಹೊರಮೈಯಲ್ಲಿ ಮಂಜು ಕಟ್ಟುವುದು ಸಹಜ, ಒರೆಸಿದರೆ ಹೋಗುತ್ತದೆ. ಒರೆಸಿದರೂ ಹೋಗದ ಮಂಜು ಒಳಗಿನದು, ಮತ್ತು ಒಳಗಿನ ಮಂಜು ಎಂದರೆ ಮುಚ್ಚಿಗೆ ಸೋರಿದೆ. ಮಂಜು ಬಿಸಿಲಿಗೆ ಕರಗಿ ಹೋಯಿತೆಂದು ಸುಮ್ಮನಾಗಬಾರದು. ತೇವ ಒಳಗೇ ಇರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಕೆಲವು ನಿಮಿಷ ಮುಂಗಾಜಿಗೆ ತಾಗಿಸಿಟ್ಟು, ಹೊರಗಿನ ತೇವವನ್ನು ಒರೆಸಿ, ಟಾರ್ಚ್ ಬೆಳಕಿನಲ್ಲಿ ನೋಡಿದರೆ ಒಳಮಂಜು ಇದ್ದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಆಗಲೇ ಫೋಟೊ ತೆಗೆಯಬೇಕು, ಏಕೆಂದರೆ ಒಣ ಹವೆಯ ಸೇವಾ ಕೇಂದ್ರ ತಲುಪುವ ವೇಳೆಗೆ ಅದು ಮಾಯವಾಗಿರುತ್ತದೆ.

ಬೂಷ್ಟು ಇದರ ಮುಂದಿನ ಹಂತ. ಟಾರ್ಚ್ ಬೆಳಕನ್ನು ಮುಂಗಾಜಿನಿಂದ ಓರೆಯಾಗಿ ಬಿಟ್ಟು ಹಿಂಬದಿಯಿಂದ ನೋಡಿದರೆ ಜೇಡರ ಬಲೆಯಂಥ ಸಣ್ಣ ಎಳೆಗಳು ಕಾಣುತ್ತವೆ. ಗಾಳಿಯಲ್ಲಿ ತೇವಾಂಶ ಶೇಕಡಾ 70ನ್ನು ದಾಟಿ ಅಲ್ಲಿಯೇ ನಿಂತರೆ ಅದು ಬೆಳೆಯುತ್ತದೆ, ಮತ್ತು ಮಡಿಕೇರಿ, ಭಾಗಮಂಡಲ, ನಾಪೋಕ್ಲು ಕಡೆಯ ಮಳೆಗಾಲದಲ್ಲಿ ಮುಚ್ಚಿದ ಬೀರುವಿನೊಳಗೆ ಇದು ವಾರಗಟ್ಟಲೆಯ ಸ್ಥಿತಿ. ಬೂಷ್ಟು ಹೊರಸೂಸುವ ಆಮ್ಲ ಗಾಜಿನ ಲೇಪನವನ್ನೇ ತಿನ್ನುತ್ತದೆ. ಲೇಪನವಿಲ್ಲದ ಗಾಜಿನ ಪ್ರತಿ ಮೈಯೂ ಸುಮಾರು ಶೇಕಡಾ 4ರಷ್ಟು ಬೆಳಕನ್ನು ಪ್ರತಿಫಲಿಸಿ ಕಳೆಯುತ್ತದೆ. ಹತ್ತಕ್ಕೂ ಹೆಚ್ಚು ಮೈಗಳಿರುವ ಸ್ಕೋಪ್‌ನಲ್ಲಿ ಲೇಪನ ಹಾಳಾದರೆ ಚಿತ್ರ ಏಕೆ ಬಿಳಿಚಿಕೊಳ್ಳುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಕೆಲವು ವಾರಂಟಿ ಪತ್ರಗಳು ಬೂಷ್ಟನ್ನು ‘ಸರಿಯಾಗಿ ಇಟ್ಟುಕೊಳ್ಳದ್ದು’ ಎಂದು ಹೊರಗಿಡುತ್ತವೆ. ಅಲ್ಲಿ ವಾದಿಸಬೇಕಾದ ಅಂಶ ಒಂದೇ: ಬೂಷ್ಟು ಒಳಮೈಯಲ್ಲಿದೆ, ಸೋರದ ಸ್ಕೋಪ್‌ನೊಳಗೆ ತೇವ ಹೋಗುವಂತಿಲ್ಲ, ಆದ್ದರಿಂದ ಮೂಲದೋಷ ಮುಚ್ಚಿಗೆಯದು.

ಝೀರೋ ನಿಲ್ಲದಿದ್ದಾಗ

ಗುಂಡು ಬೀಳುವ ಜಾಗ ಬದಲಾಗುತ್ತಿದ್ದರೆ ಸ್ಕೋಪ್ ಅನ್ನು ಕೊನೆಗೆ ಶಂಕಿಸಬೇಕು. ಸ್ಕೋಪ್ ಅನ್ನು ಕೋವಿಗೆ ಹಿಡಿಸುವ ಮೌಂಟಿನ ಸ್ಕ್ರೂಗಳು, ರಿಂಗ್‌ಗಳು, ಕೋವಿಯ ಲೋಹಭಾಗವನ್ನು ಮರದ ಹಿಡಿಗೆ ಬಿಗಿಯುವ ಸ್ಕ್ರೂಗಳು, ಇವೆಲ್ಲ ಮೊದಲು. ಮಳೆಗಾಲದಲ್ಲಿ ಮರದ ಹಿಡಿ ಉಬ್ಬಿ ನಳಿಗೆಗೆ ತಾಗುವುದುಂಟು; .22 ತೋಟೆಗಳ ತಯಾರಿಕೆಯ ಕಂತು ಬದಲಾದರೂ ಗುಂಡುಗಳು ಗುಂಪಾಗಿ ಬೀಳುವ ಜಾಗ ಸರಿಯುತ್ತದೆ. ಇದೇ ಕೋವಿಗೆ ನಂಬಿಕೆಯ ಇನ್ನೊಂದು ಸ್ಕೋಪ್ ಕೂರಿಸಿ, ಅದೇ ತೋಟೆಯಿಂದ ಹೊಡೆದು ನೋಡಿದರೆ ಅರ್ಧ ಪ್ರಶ್ನೆಗೆ ಉತ್ತರ ಸಿಗುತ್ತದೆ. ರಿಂಗ್‌ಗಳನ್ನು ಅತಿಯಾಗಿ ಬಿಗಿಯುವುದು ಇನ್ನೊಂದು ದೊಡ್ಡ ಕಾರಣ. ಹೆಚ್ಚಿನ ರಿಂಗ್‌ಗಳಿಗೆ 15ರಿಂದ 18 ಇಂಚು-ಪೌಂಡ್, ಅಂದರೆ ಸುಮಾರು 1.7ರಿಂದ 2 ನ್ಯೂಟನ್-ಮೀಟರ್ ಬಿಗಿತ ಸಾಕು. ಕೈಬಲವೆಲ್ಲ ಹಾಕಿ ಬಿಗಿದರೆ ಸ್ಕೋಪ್‌ನ ತೆಳುವಾದ ಅಲ್ಯೂಮಿನಿಯಂ ನಳಿಗೆ ಒಳಕ್ಕೆ ಅದುಮಿ ಒಳನಳಿಗೆಯ ಚಲನೆಗೆ ಅಡ್ಡಿಯಾಗುತ್ತದೆ. ಆ ಅದುಮಿದ ಗುರುತು ಸೇವಾ ಕೇಂದ್ರದವರ ಕಣ್ಣಿಗೆ ಮೊದಲು ಬೀಳುವಂಥದ್ದು.

ಸ್ಪ್ರಿಂಗ್ ಏರ್‌ಗನ್ ಇಟ್ಟುಕೊಂಡವರಿಗೆ ಒಂದು ಮಾತು. ಬೆಂಕಿಮದ್ದಿನ ಕೋವಿ ಹಿಂದಕ್ಕೆ ಮಾತ್ರ ಒದೆಯುತ್ತದೆ. ಸ್ಪ್ರಿಂಗ್ ಏರ್‌ಗನ್ ಹಿಂದಕ್ಕೂ, ಪಿಸ್ಟನ್ ತುದಿಗೆ ಬಡಿದಾಗ ಮುಂದಕ್ಕೂ ಜಗ್ಗುತ್ತದೆ. ಈ ಎರಡನೆಯ ಜಗ್ಗಾಟವನ್ನು ತಡೆಯುವಂತೆ ಕಟ್ಟದ ಸ್ಕೋಪ್, ಬೆಲೆ ಎಷ್ಟೇ ಇರಲಿ, ಒಳಗಿನ ಮಸೂರ ಸಡಿಲಗೊಂಡು ಕೆಡಬಹುದು. ‘ಏರ್‌ಗನ್‌ಗೆ ತಕ್ಕದ್ದು’ ಎಂದು ತಯಾರಕರೇ ಬರೆದಿದ್ದರೆ ಮಾತ್ರ ವಾರಂಟಿ ಕೇಳಲು ಗಟ್ಟಿ ಆಧಾರವಿರುತ್ತದೆ.

ಟರೆಟ್ ಹೇಳಿದಷ್ಟು ಚಲಿಸುತ್ತದೆಯೇ ಎಂಬುದನ್ನು ಗುಂಡು ಹೊಡೆಯದೆಯೇ ಅಳೆಯಬಹುದು. ಸ್ಕೋಪ್ ಅನ್ನು ಗಟ್ಟಿಯಾದ ಹಿಡಿಕೆಯಲ್ಲಿ ಅಲುಗದಂತೆ ಬಿಗಿದು, ಅಳತೆಪಟ್ಟಿಯಿಂದ ಸರಿಯಾಗಿ ಅಳೆದ 50 ಮೀಟರ್ ದೂರದಲ್ಲಿ, ತೂಗುಗುಂಡಿನ ದಾರಕ್ಕೆ ಸಮನಾಗಿ ಉದ್ದನೆಯ ಗೆರೆ ಬರೆದ ಹಾಳೆಯನ್ನು ನಿಲ್ಲಿಸಬೇಕು. ಒಂದು ಮಿಲ್ ಎಂದರೆ 100 ಮೀಟರಿನಲ್ಲಿ 10 ಸೆಂಟಿಮೀಟರ್, ಆದ್ದರಿಂದ 0.1 ಮಿಲ್‌ನ 100 ಕ್ಲಿಕ್ (ಟರೆಟ್ ತಿರುಗುವ ಒಂದೊಂದು ಮೆಟ್ಟಿಲು) ತಿರುಗಿಸಿದರೆ 50 ಮೀಟರಿನಲ್ಲಿ ಗುರಿಗೆರೆ 50 ಸೆಂಟಿಮೀಟರ್ ಸರಿಯಬೇಕು. ಕಾಲು ಎಂಒಎ (ಎಂಒಎ ಎಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಕ್ಲಿಕ್ಕಿನ ಸ್ಕೋಪ್ ಆದರೆ 40 ಕ್ಲಿಕ್ಕಿಗೆ ಸುಮಾರು 145 ಮಿಲಿಮೀಟರ್. ದೂರವನ್ನು ಅಳೆಯುವಾಗ ಒಂದು ಮೀಟರ್ ತಪ್ಪಿದರೂ ಫಲಿತಾಂಶದಲ್ಲಿ ಶೇಕಡಾ 2ರಷ್ಟು ತಪ್ಪು ಬರುತ್ತದೆ, ಹೆಜ್ಜೆಯಳತೆ ಇಲ್ಲಿ ನಡೆಯದು. ಮೇಲಕ್ಕೆ, ಬಲಕ್ಕೆ, ಕೆಳಕ್ಕೆ, ಎಡಕ್ಕೆ ಸಮನಾದ ಕ್ಲಿಕ್ ತಿರುಗಿಸಿ ಗೆರೆ ಹೊರಟಲ್ಲಿಗೇ ಬಂದು ನಿಲ್ಲುವುದೇ ಎಂದು ನೋಡುವುದು ಇದರ ಜೊತೆಗಿನ ಪರೀಕ್ಷೆ. ಗೆರೆ ಹೊರಟಲ್ಲಿಗೆ ಹಿಂದಿರುಗದ ಸ್ಕೋಪ್ ಬಗ್ಗೆ ಯಾವ ವಿನಾಯಿತಿಯೂ ಬೇಡ, ಅದನ್ನು ಕಳುಹಿಸಿಬಿಡಬೇಕು.

ವಾರಂಟಿ ಯಾರದು, ಹೇಗೆ ಕೇಳುವುದು

ಆಮದಾದ ಸ್ಕೋಪ್‌ಗೆ ಮೂರು ಪಕ್ಷಗಳಿವೆ: ತಯಾರಕರು, ಭಾರತದ ಆಮದುದಾರರು, ಮಾರಿದ ಅಂಗಡಿಯವರು. ಆಮದಾದ ಪೊಟ್ಟಣದ ಮೇಲೆ ಆಮದುದಾರರ ಹೆಸರು ವಿಳಾಸ ಇರಬೇಕೆಂದು 2011ರ ಪೊಟ್ಟಣ ಸರಕುಗಳ ನಿಯಮ ಹೇಳುತ್ತದೆ. ಆ ಚೀಟಿ ಇಲ್ಲದ ಪೆಟ್ಟಿಗೆ ಎಷ್ಟೇ ಅಗ್ಗವಾಗಿ ಸಿಕ್ಕಿದರೂ ಅದರ ವಾರಂಟಿಯನ್ನು ಯಾರ ಮುಂದೆ ಕೇಳುವುದೆಂದು ಕೊಳ್ಳುವ ಮೊದಲೇ ಯೋಚಿಸಬೇಕು. ಬಿಲ್ಲು, ಪೆಟ್ಟಿಗೆ, ಸ್ಕೋಪ್‌ನ ಮೇಲಿನ ಕ್ರಮಸಂಖ್ಯೆಯ ಫೋಟೊ, ಈ ಮೂರನ್ನೂ ಕೊಂಡ ದಿನವೇ ತೆಗೆದಿಡಬೇಕು.

‘ಜೀವಮಾನದ ವಾರಂಟಿ’ ಎಂಬ ಮಾತನ್ನು ಎಚ್ಚರದಿಂದ ಓದಬೇಕು. ಅಮೆರಿಕದ ವೋರ್ಟೆಕ್ಸ್ ಕಂಪನಿಯ ವಾರಂಟಿ ಬಿಲ್ಲನ್ನೂ ಕೇಳುವುದಿಲ್ಲ, ಕೈ ಬದಲಾದರೂ ಮುಂದುವರಿಯುತ್ತದೆ. ಕಳವು, ಕಳೆದುಹೋಗುವುದು, ಬೇಕೆಂದೇ ಮಾಡಿದ ಹಾನಿ ಮತ್ತು ಕೆಲಸಕ್ಕೆ ಅಡ್ಡಿಯಾಗದ ಗೀರುಗಳನ್ನು ಮಾತ್ರ ಹೊರಗಿಡುತ್ತದೆ. ಎಲ್ಲ ಕಂಪನಿಗಳೂ ಹೀಗಲ್ಲ. ಬೆಳಗುವ ರೆಟಿಕಲ್‌ನ ವಿದ್ಯುತ್ ಭಾಗಗಳಿಗೆ ಬೇರೆಯದೇ ಕಡಿಮೆ ಅವಧಿ ಇಡುವವರು, ಮೊದಲ ಮಾಲೀಕರಿಗೆ ಮಾತ್ರ ಎನ್ನುವವರು ಇದ್ದಾರೆ. ಅದಕ್ಕಿಂತ ಮುಖ್ಯವಾಗಿ, ವಾರಂಟಿ ಎಷ್ಟೇ ಉದಾರವಾಗಿರಲಿ, ಸ್ಕೋಪ್ ಅಲ್ಲಿಗೆ ಹೋಗಿ ಬರುವ ದಾರಿ ಉದಾರವಾಗಿಲ್ಲ. ಅಮೆರಿಕದಿಂದ ಹೊರಡುವ ಕೋವಿ ಸ್ಕೋಪ್‌ಗಳು ಆ ದೇಶದ ರಫ್ತು ನಿಯಂತ್ರಣಕ್ಕೆ ಒಳಪಡುತ್ತವೆ, ಇಲ್ಲಿ ಇಳಿಯುವಾಗ ನಮ್ಮ ಕಸ್ಟಮ್ಸ್ ಕೇಳುವ ಕಾಗದಗಳಿರುತ್ತವೆ. ಹೊರದೇಶದಿಂದ ಬರುವ ಬಂಧುಗಳ ಪೆಟ್ಟಿಗೆಯಲ್ಲಿ ತರಿಸಿಕೊಳ್ಳುವ ಯೋಚನೆ ಬೇಡ. ಆಮದುದಾರರ ಮೂಲಕವೇ ಕಳುಹಿಸಿ, ಅವರಿಂದಲೇ ಹಿಂದಕ್ಕೆ ಪಡೆಯುವುದು ನಿಧಾನವಾದರೂ ನೇರವಾದ ದಾರಿ.

ದೂರಿನ ಪತ್ರದಲ್ಲಿ ‘ಸ್ಕೋಪ್ ಸರಿಯಿಲ್ಲ’ ಎಂದು ಬರೆದರೆ ಏನನ್ನೂ ಬರೆದಂತಾಗುವುದಿಲ್ಲ. ‘50 ಮೀಟರಿನಲ್ಲಿ, ಹಿಡಿಕೆಯಲ್ಲಿ ಬಿಗಿದ ಸ್ಥಿತಿಯಲ್ಲಿ, 100 ಕ್ಲಿಕ್ಕಿಗೆ 50 ಸೆಂಟಿಮೀಟರ್ ಬದಲು 46 ಸೆಂಟಿಮೀಟರ್ ಸರಿಯುತ್ತಿದೆ; ಮೂರು ಸಲವೂ ಹೀಗೆಯೇ’ ಎಂದು ಬರೆದರೆ ಅಲ್ಲಿನ ತಂತ್ರಜ್ಞರಿಗೆ ಏನನ್ನು ಅಳೆಯಬೇಕೆಂದು ತಿಳಿಯುತ್ತದೆ. ಯಾವ ವರ್ಧನೆಯಲ್ಲಿ, ಎಷ್ಟು ದೂರದಲ್ಲಿ, ಯಾವ ಹವೆಯಲ್ಲಿ, ಯಾವ ಕೋವಿಯ ಮೇಲೆ, ಎಷ್ಟು ಬಿಗಿತದಲ್ಲಿ ಕೂರಿಸಿದ್ದು ಎಂಬುದನ್ನೂ, ತಿರುಗಿಸಿ ನೋಡಿದ ಪರೀಕ್ಷೆಯ ಫಲಿತಾಂಶವನ್ನೂ ಸೇರಿಸಬೇಕು. ಸ್ಕೋಪ್‌ನ ಹಿಂದೆ ಮೊಬೈಲ್ ಹಿಡಿದು ತೆಗೆದ ಫೋಟೊ ಮಂಜು, ಬೂಷ್ಟು, ಚುಕ್ಕೆಗಳಿಗೆ ಒಳ್ಳೆಯ ಸಾಕ್ಷಿ. ಬಣ್ಣದ ಅಂಚಿಗೆ ಮತ್ತು ಮಸುಕಿಗೆ ಅಷ್ಟು ನಂಬಿಕೆಯದಲ್ಲ, ಏಕೆಂದರೆ ಮೊಬೈಲ್‌ನ ಮಸೂರವೂ ತನ್ನ ದೋಷವನ್ನು ಸೇರಿಸುತ್ತದೆ.

ಕಳುಹಿಸುವಾಗ ಸ್ಕೋಪ್ ಮಾತ್ರ ಹೋಗಬೇಕು, ಕೋವಿಯಾಗಲಿ ಅದರ ಯಾವ ಭಾಗವಾಗಲಿ ಜೊತೆಗೆ ಹೋಗಬಾರದು. ಬ್ಯಾಟರಿ ತೆಗೆದಿಡಿ; ಕೇಳದಿದ್ದರೆ ರಿಂಗ್‌ಗಳನ್ನೂ ಉಳಿಸಿಕೊಳ್ಳಿ. ಮಳೆಗಾಲವಾದರೆ ಎರಡು ಪದರ ಪ್ಲಾಸ್ಟಿಕ್ ಮತ್ತು ಸಿಲಿಕಾ ಜೆಲ್ ಪೊಟ್ಟಣ, ಸುತ್ತಲೂ ಎರಡು ಇಂಚಿನ ಮೆತ್ತೆ, ವಿಮೆ ಮಾಡಿಸಿದ ರವಾನೆ. ಅದಕ್ಕೂ ಮೊದಲು ಗಡಿಯಾರ ಅಥವಾ ಕ್ಯಾಮೆರಾ ರಿಪೇರಿಯವರ ಹತ್ತಿರ ಬಿಚ್ಚಿಸಬಾರದು: ಒಳಗಿನ ಅನಿಲ ಹೋಗುತ್ತದೆ, ವಾರಂಟಿಯೂ ಹೋಗುತ್ತದೆ. ವಾರಂಟಿ ಎಂದೋ ಮುಗಿದ ಹಳೆಯ ಸ್ಕೋಪ್‌ನ ವಿಷಯ ಬೇರೆ.

‘ನಿಗದಿತ ಮಿತಿಯೊಳಗಿದೆ’ ಎಂಬ ಉತ್ತರ ಬಂದರೆ, ಆ ಮಿತಿ ಎಷ್ಟು, ಅಳೆದಾಗ ಎಷ್ಟು ಬಂತು ಎಂದು ವಿನಯದಿಂದ, ಲಿಖಿತವಾಗಿ ಕೇಳಬೇಕು. ಸಂಖ್ಯೆ ಕೇಳುವ ಹಕ್ಕು ಸಂಖ್ಯೆ ಕೊಟ್ಟವರಿಗಿರುತ್ತದೆ. ಉತ್ತರವೇ ಬಾರದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು. ಅದಕ್ಕೂ ಮುಂದೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ, ಅಂಗಡಿ ದೆಹಲಿಯಲ್ಲಿದ್ದರೂ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ, ಅಂದರೆ ಮಡಿಕೇರಿಯ ಜಿಲ್ಲಾ ಆಯೋಗದಲ್ಲಿಯೇ, ದೂರು ಸಲ್ಲಿಸಬಹುದು. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು, ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ಅಲ್ಲಿಯೂ ನೆರವಾಗುವುದು ಕಳುಹಿಸುವ ಮುನ್ನ ಬರೆದಿಟ್ಟ ಅದೇ ಅಳತೆಗಳು, ಅವೇ ಫೋಟೊಗಳು.

ಸ್ಕೋಪ್ ದುರಸ್ತಿಯಾಗಿ ಅಥವಾ ಬದಲಾಗಿ ಬಂದ ದಿನ ಅದನ್ನು ನೇರವಾಗಿ ಕೋವಿಗೆ ಕೂರಿಸಬಾರದು. ಬದಲಿ ಕೊಟ್ಟಿದ್ದರೆ ಹೊಸ ಕ್ರಮಸಂಖ್ಯೆಗೆ ವಾರಂಟಿ ಮುಂದುವರಿಯುವುದನ್ನು ಬರಹದಲ್ಲಿ ಪಡೆದು, ಅದೇ ಗೆರೆಗಳ ಹಾಳೆ, ಅದೇ 50 ಮೀಟರ್, ಅದೇ ಹಿಡಿಕೆಯಲ್ಲಿ ಮೊದಲಿನ ಪರೀಕ್ಷೆಗಳನ್ನೆಲ್ಲ ಮತ್ತೊಮ್ಮೆ ಮಾಡಬೇಕು. ಟರೆಟ್‌ಗಳನ್ನು ಕಾರ್ಖಾನೆಯಲ್ಲಿ ನಡುವಿಗೆ ತಂದಿರುತ್ತಾರಾದ್ದರಿಂದ ಹಳೆಯ ಝೀರೋ ಉಳಿದಿರುವುದಿಲ್ಲ; ಮೊದಲ ಗುಂಡನ್ನು 25 ಮೀಟರಿನಲ್ಲಿ, ಹಿಂದೆ ಮಣ್ಣಿನ ದಿಬ್ಬವಿರುವ ದೊಡ್ಡ ಹಾಳೆಗೆ ಹೊಡೆದು, ಅಲ್ಲಿಂದ ಝೀರೋ ಹೊಸದಾಗಿ ಮಾಡಿಕೊಳ್ಳಬೇಕು.